ಹಂಡೆ ಒಲೆಯ ಮೇಲಿಟ್ಟ ಕಾಯಿ

ಮೊನ್ನೆ ಅಜ್ಜಂಪುರಕ್ಕೆ, ನನ್ನ ತವರಿಗೆ, ಹೋಗಿದ್ದೆ. ಬೆಳಿಗ್ಗೆ ನೀರು ಕಾಯಿಸಲು ತಮ್ಮನ ಹೆಂಡತಿ ಎಲ್ಲೋ ಮೂಲೆಯಲ್ಲಿ ಬಿದ್ದಿದ್ದ ಒಣ ತೆಂಗಿನಕಾಯಿಯೊಂದನ್ನು ಸಿಪ್ಪೆ ಸಮೇತ ಬಚ್ಚಲ ಒಲೆಗೆ ನೂಕಿದ್ದಳು. ಮೊದಲು ಸಿಪ್ಪೆಯ ಕಟು ಹೊಗೆ ಬಂತು. ಸ್ವಲ್ಪ ಹೊತ್ತಿಗೆ ಚಿಪ್ಪು ಸಿಡಿದ ಸದ್ದು, ಅದರ ಹಿಂದೆಯೇ ಕೊಬ್ಬರಿ ಎಣ್ಣೆ ಬಿಟ್ಟು ಉರಿಯುವ ಆ ಘಮ. ಹಲ್ಲುಜ್ಜುತ್ತಾ ನಿಂತಿದ್ದ ನಾನು ಬಾಯಿ ಮುಕ್ಕಳಿಸುವುದನ್ನೇ ಮರೆತೆ.

"ಯಾಕಕ್ಕಾ, ಹೊಗೆ ಕಣ್ಣಿಗೆ ಹೋಯ್ತಾ?" ಅಂತ ಅವಳು ಕೇಳಿದಳು.

ಹೂಂ ಅಂದೆ. ಬಚ್ಚಲ ಒಲೆಯ ಮುಂದೆ ನಿಂತು ಸಮುದ್ರ ನೆನಪಾಯಿತು ಅಂದರೆ ಯಾರಾದರೂ ನಗುತ್ತಾರೆ. ಆದರೆ ನನಗೆ ನೆನಪಾದದ್ದು ಅದೇ: ಹೋದ ವರ್ಷದ ಮುಂಗಾರಿನಲ್ಲಿ ನಾನೂ ನನ್ನ ಅತ್ತೆಯೂ ಆರು ವಾರ ಕಳೆದ ಸಮುದ್ರದಂಡೆಯ ಒಂದು ಹೋಟೆಲು.

ಹೋಟೆಲು ಅಂದ ಕೂಡಲೇ ಮಜಾ ಮಾಡಲು ಹೋಗಿದ್ದೆವು ಅಂದುಕೊಳ್ಳಬೇಡಿ. ಅತ್ತೆ ರುದ್ರಮ್ಮನವರಿಗೆ ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಮದುವೆಯಾಗಿ ಬಂದಾಗಿನಿಂದ ಇತ್ತಂತೆ. ಎಡಗೆನ್ನೆಯ ಒಳಗಾದ ಹುಣ್ಣು ವಾಸಿಯಾಗಲೇ ಇಲ್ಲ. ಅದು ಏನೆಂದು ಗೊತ್ತಾಗುವಷ್ಟರಲ್ಲಿ ಮನೆಯವರೆಲ್ಲರ ಜೀವ ಅರ್ಧವಾಗಿತ್ತು. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಅದಾದ ಮೇಲೆ ಮೂವತ್ತು ಸಲ ರೇಡಿಯೇಷನ್ ಕೊಡಬೇಕು, ವಾರಕ್ಕೆ ಐದು ದಿನ, ನಡುವೆ ನಿಲ್ಲಿಸುವ ಹಾಗಿಲ್ಲ ಅಂದರು ಡಾಕ್ಟರು. ನಮ್ಮ ಕಡೂರಿನಿಂದ ದಿನಾ ಘಟ್ಟ ಇಳಿದು ಹತ್ತುವುದು ಆಗದ ಮಾತು. ನಮ್ಮವರಿಗೆ ತೋಟ, ಬೋರ್‌ವೆಲ್ಲು, ದನಕರು. ನಾನು ತಾಲ್ಲೂಕು ಕಚೇರಿಯಲ್ಲಿ ಪಹಣಿ, ಖಾತೆ ಕೆಲಸದವಳು, ರಜೆ ಕೂಡಿಟ್ಟಿದ್ದೆ. "ಹೆಂಗಸ್ರ ಜೊತೆ ಹೆಂಗಸ್ರು ಇದ್ರೇನೇ ಸರಿ" ಅಂತ ನಮ್ಮವರು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು.

ನಿಜ ಹೇಳುತ್ತೇನೆ, ನನಗೆ ಸಿಟ್ಟು ಬಂದಿತ್ತು. ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಇದ್ದರೂ ನಾನೂ ಅತ್ತೆಯೂ ಒಂದು ಗಂಟೆ ಎದುರುಬದುರು ಕೂತು ಮಾತಾಡಿದ್ದಿಲ್ಲ. ನಾನು ಮಾಡಿದ ಸಾರಿಗೆ ಉಪ್ಪು ಕಡಿಮೆ, ನಾನು ಗುಡಿಸಿದ ಅಂಗಳದಲ್ಲಿ ಕಸ ಹೆಚ್ಚು. ಹೀಗೇ ನಡೆದಿತ್ತು ನಮ್ಮ ಸಂಸಾರ. ಈಗ ಅವರ ಜೊತೆ ಒಂದೇ ಕೋಣೆಯಲ್ಲಿ ಆರು ವಾರ.

ಹೊರಡುವ ದಿನ ಕಾರಿನ ಹತ್ತಿರ ಬಂದರೆ ಹಿಂದಿನ ಸೀಟಿನ ಮೇಲೆ ಒಂದು ಗೋಣಿಚೀಲ ಕೂತಿದೆ.

"ಇದೇನತ್ತೆ?"

"ಕಾಯಿ ಕಣೇ."

"ಸಮುದ್ರದ ಕಡೆಗೆ ಯಾರಾದ್ರೂ ಕಾಯಿ ಹೊತ್ಕಂಡು ಹೋಗ್ತಾರಾ? ಅಲ್ಲಿ ಬೀದಿ ಬೀದೀಲಿ ಬಿದ್ದಿರ್ತವೆ."

"ಬಿದ್ದಿರ್ತವೆ. ಕೊಬ್ಬರಿ ಆಗಿರ್ತವಾ?"

ನಮ್ಮ ಕಡೆ ಕಾಯಿ ಕೆಡವಿದ ಕೂಡಲೇ ಒಡೆದು ಒಣಗಿಸುವ ಪದ್ಧತಿ ಇಲ್ಲ. ಸಿಪ್ಪೆ ಸಮೇತ ಅಟ್ಟದ ಮೇಲೆ ಹರಡಿ ಹತ್ತು ಹನ್ನೆರಡು ತಿಂಗಳು ಬಿಡುತ್ತೇವೆ. ಒಳಗಿನ ನೀರು ನಿಧಾನಕ್ಕೆ ಇಂಗುತ್ತದೆ. ಆಮೇಲೆ ತಿರುಳು ಗಟ್ಟಿಯಾಗಿ, ಚಿಪ್ಪು ಬಿಟ್ಟುಕೊಂಡು, ಒಳಗೇ ಉಂಡೆ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಗುಡುಗುಡು ಅಂತ ಉರುಳಿದರೆ ಹದ ಬಂತು ಅಂತ ಲೆಕ್ಕ. ಆ ಸಲದ ಕಾಯಿಯನ್ನು ಅಟ್ಟಕ್ಕೆ ಹಾಕಿಸಿದ್ದು ಅತ್ತೆಯೇ, ಹುಣ್ಣು ಕಾಣಿಸುವ ಮುಂಚೆ. ಎಲ್ಲವನ್ನೂ ಸುಲಿದು ವ್ಯಾಪಾರಿಗೆ ಕೊಟ್ಟಾಗಿತ್ತು. ಹನ್ನೆರಡು ಮಾತ್ರ ಹಿಂದುಳಿದಿದ್ದವು. ಅವುಗಳ ನೀರು ಇಂಗಿತ್ತು, ಕೊಬ್ಬರಿ ಇನ್ನೂ ಚಿಪ್ಪು ಬಿಟ್ಟಿರಲಿಲ್ಲ. ಎಷ್ಟು ಅಲ್ಲಾಡಿಸಿದರೂ ಸದ್ದಿಲ್ಲ.

"ಇವಕ್ಕೆ ಇನ್ನೊಂದೂವರೆ ತಿಂಗ್ಳು ಬೇಕು. ನಂಗೂ ಅಷ್ಟೇ ಬೇಕಂತಲ್ಲ ಡಾಕ್ಟ್ರು ಹೇಳಿದ್ದು," ಅಂದರು ಅತ್ತೆ. ಕೆನ್ನೆಯ ಹೊಲಿಗೆಯಿಂದಾಗಿ ಅವರ ಮಾತು ಆಗ ಒಂದು ಕಡೆಗೆ ವಾಲುತ್ತಿತ್ತು. "ಎಲ್ಲಾ ಮುಗಿದ ದಿನ ಸುಲಿದು ಡಾಕ್ಟ್ರಿಗೊಂದು, ಮಿಷನ್ ಹುಡ್ಗೀರಿಗೊಂದೊಂದು ಕೊಟ್ಟು ಬರಾನ. ಬರಿಗೈಲಿ ಬರಾಕಾಗುತ್ತಾ?"

ನಾನು ಹಣೆ ಚಚ್ಚಿಕೊಂಡು ಚೀಲವನ್ನು ಕಾಲ ಹತ್ತಿರ ಇಳಿಸಿಕೊಂಡೆ. ಘಟ್ಟದ ತಿರುವುಗಳಲ್ಲಿ ಆ ಹನ್ನೆರಡು ಕಾಯಿಗಳು ನನ್ನ ಮೊಣಕಾಲಿಗೆ ಗುದ್ದುತ್ತಲೇ ಬಂದವು.

ಆಸ್ಪತ್ರೆಯ ಸುತ್ತಲಿನ ಲಾಡ್ಜುಗಳೆಲ್ಲ ನಮ್ಮಂಥವರಿಂದಲೇ ತುಂಬಿದ್ದವು. ಕೊನೆಗೆ ಆಟೋದಲ್ಲಿ ಅರ್ಧ ಗಂಟೆ ದೂರದ ಈ ಹೋಟೆಲು ಸಿಕ್ಕಿತು. ಮಳೆಗಾಲದಲ್ಲಿ ಅಲ್ಲಿಗೆ ಪ್ರವಾಸಿಗಳು ಬರುವುದಿಲ್ಲ. ಎರಡು ಅಂತಸ್ತು, ನೀಲಿ ಬಣ್ಣ, ಬಾಗಿಲಲ್ಲೇ ‘ಎಲ್ಲ ಕೋಣೆಗಳಿಂದಲೂ ಸಮುದ್ರ ದರ್ಶನ’ ಅಂತ ಬೋರ್ಡು. ಅತ್ತೆ ಅಲ್ಲಿಯವರೆಗೆ ನೋಡಿದ ಅತಿ ದೊಡ್ಡ ನೀರು ಅಂದರೆ ಲಕ್ಕವಳ್ಳಿ ಡ್ಯಾಮು. ಕೋಣೆಗೆ ಹೋದವರೇ ಕಿಟಕಿ ಹತ್ತಿರ ನಿಂತರು. ಕಿಟಕಿಗೆ ಹೊರಗಿನಿಂದ ತೆಂಗಿನ ಮಡಲಿನ ತಟ್ಟಿ ಕಟ್ಟಿ, ಅದರ ಮೇಲೆ ಟಾರ್ಪಾಲು ಬಿಗಿದಿದ್ದರು.

"ಎಲ್ಲೇ ಸಮುದ್ರ?"

"ಮಳೆ ಎರಚಲು ಹೊಡೀತದೆ ಅಮ್ಮ," ಅಂದರು ಜೊತೆಗೆ ಬಂದಿದ್ದ ಮ್ಯಾನೇಜರು. "ಸಮುದ್ರ ಅಲ್ಲೇ ಉಂಟು. ಶಬ್ದ ಕೇಳ್ತದಲ್ಲ?"

ಶಬ್ದಕ್ಕೇನೂ ಕೊರತೆ ಇರಲಿಲ್ಲ. ಆ ಹೋಟೆಲಿನ ಮಿಕ್ಕ ಸೌಕರ್ಯಗಳೂ ಹೀಗೇ ಇದ್ದವು. ಹಾಸಿಗೆ ನಮ್ಮ ಮನೆಯದಕ್ಕಿಂತ ಚೆನ್ನಾಗಿತ್ತು, ಹೊದಿಕೆ ಮಾತ್ರ ಯಾವತ್ತೂ ಪೂರ್ತಿ ಒಣಗಲಿಲ್ಲ. ಫ್ಯಾನು ತಿರುಗುತ್ತಿತ್ತು, ತಿರುಗಿದಷ್ಟೂ ಹೊತ್ತು ಗೊಣಗುತ್ತಿತ್ತು. ಮೀನು ತಿನ್ನದ ನಮಗಾಗಿ ಅಡುಗೆಯ ವಾರಿಜಕ್ಕ ಬೇರೆ ಪಾತ್ರೆ, ಬೇರೆ ಒಲೆ ಇಟ್ಟರು. ಆದರೆ ಅವರು ಬಡಿಸುವ ಕುಚ್ಚಲಕ್ಕಿ ಅನ್ನದ ಅಗುಳು ಅಗುಳನ್ನೂ ಅತ್ತೆ ಅನುಮಾನದಿಂದ ನೋಡುತ್ತಿದ್ದರು. ಇನ್ನು ಬಿಸಿನೀರು. ಸೋಲಾರ್ ಇತ್ತು, ಸೂರ್ಯ ಇರಲಿಲ್ಲ. ಹಾಗಾಗಿ ಹಿತ್ತಲ ಶೆಡ್ಡಿನಲ್ಲಿ ಹಳೆಯ ದೊಡ್ಡ ತಾಮ್ರದ ಹಂಡೆಗೆ ಸೌದೆ ಒಟ್ಟಿ ನೀರು ಕಾಯಿಸಿ ಬಕೆಟ್ಟಿನಲ್ಲಿ ತಂದುಕೊಡುತ್ತಿದ್ದರು. ಆ ಕೆಲಸ, ಪಂಪಿನ ಕೆಲಸ, ಗೇಟಿನ ಕೆಲಸ, ಎಲ್ಲ ಒಬ್ಬರದೇ. ಅವರು ಬಾಬಣ್ಣ. ಅರವತ್ತು ದಾಟಿದ ಸಣಕಲು ಮನುಷ್ಯ, ತಲೆಗೆ ಸದಾ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡಿರುತ್ತಿದ್ದರು. ಸೌದೆಯೆಲ್ಲ ಒದ್ದೆ. ಅವರು ತರುವ ನೀರು ಉಗುರುಬೆಚ್ಚಗೆ ಅನ್ನುವುದಕ್ಕೂ ಸ್ವಲ್ಪ ಕಡಿಮೆ.

ಕಚೇರಿಯಲ್ಲಿ ಜನರ ಅರ್ಜಿ ಓದಿ ಓದಿ ಬೇಸತ್ತವಳು ನಾನು. ಈಗ ನನ್ನ ಸರದಿ. ಕೌಂಟರಿನ ಮೇಲೆ ದೂರು ಪುಸ್ತಕವೊಂದಿತ್ತು. ‘ಮಾನ್ಯರೇ, ಈ ಮೂಲಕ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ’ ಎಂದು ಶುರುಮಾಡಿ ದಿನಕ್ಕೊಂದು ಬರೆದೆ. ಹೊದಿಕೆ, ಫ್ಯಾನು, ಟಾರ್ಪಾಲು, ಬಿಸಿನೀರು, ಮತ್ತೆ ಬಿಸಿನೀರು. ಮ್ಯಾನೇಜರು ಓದಿ, "ಬಹಳ ಚಂದ ಬರೀತೀರಿ ಮಾರಾಯ್ರೆ" ಅಂದು ಪುಸ್ತಕ ಮುಚ್ಚಿಡುತ್ತಿದ್ದರು.

ಮೊದಲ ವಾರ ಚಿಕಿತ್ಸೆ ಏನೂ ಅನ್ನಿಸಲಿಲ್ಲ. ಮುಖಕ್ಕೆ ಅಳತೆ ಮಾಡಿ ಮಾಡಿದ ಬಲೆಯಂಥ ಪ್ಲಾಸ್ಟಿಕ್ ಮುಖವಾಡ. ಅದನ್ನು ಹಾಕಿ ಮಲಗಿಸಿ, ಅಲ್ಲಾಡದಂತೆ ಮೇಜಿಗೆ ಬಿಗಿದು, ಐದೋ ಹತ್ತೋ ನಿಮಿಷ. ಎರಡನೇ ವಾರದ ಕೊನೆಗೆ ಬಾಯಿ ಬೆಂದಂತಾಯಿತು. ಮೂರನೇ ವಾರಕ್ಕೆ ರುಚಿ ಹೋಯಿತು, ಬಾಯಲ್ಲಿ ಜೊಲ್ಲೇ ಊರದಂತಾಯಿತು. ಎರಡು ಮಾತಿಗೊಂದು ಸಲ ಗುಟುಕು ನೀರು ಬೇಕು. ನಾನು ಬಾಟಲಿ ಹಿಡಿದೇ ತಿರುಗುತ್ತಿದ್ದೆ. ಉಪ್ಪು ಗೊತ್ತಿಲ್ಲ, ಸಿಹಿ ಗೊತ್ತಿಲ್ಲ. "ಬೂದಿ ತಿಂದಂಗೆ ಆಯ್ತದೆ ಕಣೇ" ಅಂದು ತಟ್ಟೆ ತಳ್ಳುತ್ತಿದ್ದರು.

ಮಿಷನ್ ಹತ್ತಿರದ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ಅಜ್ಜಿಯ ತೂಕ ಇಳಿಯುತ್ತಿದೆ, ಮುಖವಾಡ ಸಡಿಲವಾಗುತ್ತಿದೆ. ಇನ್ನೂ ಇಳಿದರೆ ನಿಲ್ಲಿಸಿ ಹೊಸ ಮುಖವಾಡ ಮಾಡಬೇಕಾಗುತ್ತದೆ, ನಡುವೆ ದಿನ ತಪ್ಪಿದರೆ ಇಷ್ಟು ಕೊಟ್ಟದ್ದರ ಫಲವೂ ಸಿಗಲಿಕ್ಕಿಲ್ಲ. "ಹೇಗಾದ್ರೂ ಮಾಡಿ ತಿನ್ನಿಸಿ ಮೇಡಂ."

ಹೇಗಾದರೂ ಅಂದರೆ ಹೇಗೆ? ಅತ್ತೆ ಕೋಣೆ ಬಿಟ್ಟು ಕದಲುತ್ತಿರಲಿಲ್ಲ. ಆಟೋ ಬಂದರೆ ಏಳುವುದು, ವಾಪಸು ಬಂದರೆ ಗೋಡೆ ಕಡೆ ಮುಖ ಮಾಡಿ ಮಲಗುವುದು. ಸಮುದ್ರದಂಡೆಯಲ್ಲಿ ಹದಿನೈದು ದಿನ ಇದ್ದರೂ ಅವರು ಸಮುದ್ರ ನೋಡಿರಲಿಲ್ಲ. ಆಟೋದ ಎರಡೂ ಬದಿಗೆ ಪರದೆ ಇಳಿಬಿಟ್ಟಿರುತ್ತಿದ್ದರು.

ಆ ಮಂಗಳವಾರ ಬೆಳಿಗ್ಗೆ ಬಾಬಣ್ಣ ತಂದ ಬಕೆಟ್ಟಿನಿಂದ ಹಬೆ ಏಳುತ್ತಿತ್ತು. ಕೈ ಇಡಲಾಗದಷ್ಟು ಬಿಸಿ. ನನ್ನ ಅರ್ಜಿಗಳಿಗೆ ಬೆಲೆ ಬಂತು ಅಂತ ಬೀಗಿದೆ. ‘ಬಿಸಿನೀರಿನ ವ್ಯವಸ್ಥೆ ಸುಧಾರಿಸಿರುವುದಕ್ಕೆ ವಂದನೆಗಳು’ ಎಂದು ಪುಸ್ತಕದಲ್ಲಿ ಬರೆದು ಸಹಿಯನ್ನೂ ಹಾಕಿದೆ. ಬುಧವಾರವೂ ಹಾಗೇ ಕುದಿಯುವ ನೀರು. ಬಾಗಿಲು ತೆರೆದಿತ್ತು, ಹಿತ್ತಲ ಹೊಗೆ ಗಾಳಿಗೆ ಒಳಗೆ ಬಂತು. ಮಲಗಿದ್ದ ಅತ್ತೆಯ ಮೂಗು ಅರಳಿತು. ಬಾಯಿ ಸತ್ತಿದ್ದರೂ ಮೂಗಿಗೇನೂ ಆಗಿರಲಿಲ್ಲ.

"ಯಾರೋ ಕೊಬ್ಬರಿ ಸುಡ್ತಾವ್ರೆ."

"ಸುಡ್ಲಿ ಬಿಡಿ ಅತ್ತೆ."

"ಕೊಬ್ಬರಿ ಕಣೇ! ನಮ್ಮ ಕೊಬ್ಬರಿ!" ಅಂದವರೇ ಎದ್ದು ಕೂತರು.

ಆಗ ಗೊತ್ತಾಯಿತು. ಬಂದ ಎರಡನೇ ದಿನವೇ, ನಾನು ಸ್ನಾನಕ್ಕೆ ಹೋಗಿದ್ದಾಗ, ಅತ್ತೆ ಕಾಯಿಚೀಲಕ್ಕೆ ಬೆಚ್ಚಗಿನ ಜಾಗ ಹುಡುಕಿಕೊಂಡು ಹಿತ್ತಲಿಗೆ ಹೋಗಿದ್ದರು. ಕೋಣೆಯ ತೇವಕ್ಕೆ ಕಾಯಿ ಮುಗ್ಗುತ್ತದೆ ಅಂತ ಅವರ ಭಯ. ಹಂಡೆ ಒಲೆಯ ಮೇಲೆ ಗೋಡೆಗೆ ಹೊಡೆದಿದ್ದ ಹಲಗೆ ಅವರ ಕಣ್ಣಿಗೆ ಅಟ್ಟದಂತೆ ಕಂಡಿದೆ. ಕಾಯಿಗಳನ್ನು ಸಾಲಾಗಿ ಜೋಡಿಸಿ, ಖಾಲಿ ಚೀಲ ಮಡಚಿಟ್ಟು ಬಂದಿದ್ದರು. ಯಾರಿಗೂ ಹೇಳಿರಲಿಲ್ಲ. ನಮ್ಮ ಊರಿನಲ್ಲಿ ಅಟ್ಟಕ್ಕೇರಿದ ಕಾಯಿಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಹೇಳಬೇಕು ಅಂತ ಅವರಿಗೆ ಹೊಳೆದೂ ಇರಲಿಲ್ಲ.

ಹದಿನೈದು ದಿನ ಹಾಸಿಗೆ ಹಿಡಿದಿದ್ದ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಳೆಯಲ್ಲೇ ಹಿತ್ತಲಿಗೆ ನಡೆದರು. ನಾನು ಕೊಡೆ ಹಿಡಿದು ಹಿಂದೆ ಓಡಿದೆ. ಬಾಬಣ್ಣ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೀಡಿ ಸೇದುತ್ತಿದ್ದರು. ಹಲಗೆ ಖಾಲಿ.

"ಏನಯ್ಯಾ, ನನ್ನ ಕಾಯಿ ಎಲ್ಲಯ್ಯಾ?"

ಬಾಬಣ್ಣ ಗಾಬರಿಯಿಂದ ಎದ್ದರು. "ಅದು ನಿಮ್ಮದಾ ಅಮ್ಮ? ನಾನು ಎಲ್ಲಾ ಅಲ್ಲಾಡ್ಸಿ ನೋಡಿದೆ. ನೀರಿನ ಶಬ್ದ ಒಂದರಲ್ಲೂ ಇಲ್ಲ. ನಮ್ಮಲ್ಲಿ ನೀರಿಲ್ಲದ ಕಾಯಿ ಅಂದ್ರೆ ಸತ್ತ ಕಾಯಿ. ಯಾರೋ ಒಲೆಗೇ ಅಂತ ಇಟ್ಟದ್ದು ಅಂತ ತಿಳ್ಕೊಂಡೆ. ಈ ಮೇಡಮ್ಮು ದಿನಾ ಬಿಸಿನೀರು ಬಿಸಿನೀರು ಅಂತ ಬರೀತಾರೆ, ಒಣ ಸೌದೆ ಎಲ್ಲಿಂದ ತರುದು?"

ಮೇಡಮ್ಮು ಅಂದರೆ ನಾನು. ಅತ್ತೆ ವರ್ಷವಿಡೀ ಕಾದಿಟ್ಟದ್ದನ್ನು ಒಲೆಗೆ ಹಾಕಿಸಿ, ಅದಕ್ಕೆ ವಂದನೆಗಳನ್ನೂ ಬರೆದಿದ್ದೆ. ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಅತ್ತೆ ಬೈದರು. ವಾಲುವ ಮಾತಿನಲ್ಲಿ, ನಡುನಡುವೆ ನನ್ನ ಕೈಯ ಬಾಟಲಿ ಕಿತ್ತುಕೊಂಡು ಗುಟುಕು ಕುಡಿದು, ಮತ್ತೆ ಬೈದರು. "ಸತ್ತ ಕಾಯಂತೆ! ನೀರು ಇಂಗಿದ್ದಕ್ಕೆಲ್ಲಾ ಸತ್ತೋಯ್ತು ಅಂತಾರೇನಯ್ಯಾ? ಅದು ಒಳಗೊಳಗೇ ಕೊಬ್ಬರಿ ಆಯ್ತಾ ಕುಂತಿತ್ತು. ಚಿಪ್ಪು ಬಿಡೋಗಂಟ ಮಾತಾಡಲ್ಲ ಅದು. ಇನ್ನೊಂದು ತಿಂಗ್ಳು ತಡ್ಕಂಡಿದ್ರೆ ಗುಡುಗುಡು ಅಂತಿತ್ತು!" ಬಾಬಣ್ಣ ತಲೆಯ ಪ್ಲಾಸ್ಟಿಕ್ ಕವರ್ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಗದ್ದಲಕ್ಕೆ ವಾರಿಜಕ್ಕನೂ ಬಂದರು.

ಬೈದು ಸುಸ್ತಾಗಿ ಅತ್ತೆ ಅಲ್ಲೇ ಮಣೆಯ ಮೇಲೆ ಕೂತರು. ಕೂತವರೇ ಅತ್ತುಬಿಟ್ಟರು. "ಅವೆಲ್ಲಾ ಹೋದ್ವು ಅಂದ್ಮೇಲೆ ನಂದೂ ಅಷ್ಟೇ ಕಣೇ ಮಂಜುಳಾ. ಊರಿಗೆ ಹೋಗ್ಬಿಡಾನ ನಡಿ."

ಅವರು ಒಂದು ಸಲ ನಿರ್ಧಾರ ಮಾಡಿದರೆ ದೇವರು ಬಂದರೂ ಬದಲಾಗುವುದಿಲ್ಲ. ರೇಡಿಯೇಷನ್ ಆಗಿದ್ದದ್ದು ಹನ್ನೆರಡು ಸಲ, ಇನ್ನೂ ಹದಿನೆಂಟು ಸಲ ಬಾಕಿ.

ಬಾಬಣ್ಣ ನೆಲದ ಮೇಲೆ ಬೋರಲು ಮಲಗಿ ಸೌದೆ ರಾಶಿಯ ಹಿಂದೆ ಕೈ ಹಾಕಿದರು. ಒಂದೊಂದೇ ಕೊರಡು ಎಳೆದು ಹಾಕಿದರು. ಕೊನೆಗೆ ಮೈಯೆಲ್ಲ ಜೇಡರಬಲೆ ಮಾಡಿಕೊಂಡು ಎದ್ದಾಗ ಅವರ ಕೈಯಲ್ಲಿ ಒಂದು ಕಾಯಿ ಇತ್ತು. "ಒಂದು ಉರುಳಿ ಹೋಗಿತ್ತು ಅಂತ ನೆನಪಿತ್ತು ಅಮ್ಮ," ಅಂದರು.

ಅತ್ತೆ ಕಾಯಿಯನ್ನು ಸೆರಗಿನಲ್ಲಿ ಒರೆಸಿ ಕಿವಿಗೆ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ಬಾಬಣ್ಣನ ಕಿವಿಗೂ ಹಿಡಿದರು. "ಕೇಳಿಸ್ತಾ? ಇಲ್ಲ ತಾನೇ? ಇದನ್ನ ಅಲ್ಲೇ ಮೇಲಿಡು. ಇದಕ್ಕೇನಾದ್ರೂ ಆದ್ರೆ ನಿನ್ನ ಬಿಡಾಕಿಲ್ಲ." ಅತ್ತೆ ‘ಅಯ್ಯಾ’ ಬಿಟ್ಟು ‘ನಿನ್ನ’ ಅಂದರು ಅಂದರೆ ಸಿಟ್ಟು ಇಳಿಯುತ್ತಿದೆ ಅಂತ ಅರ್ಥ. ಆಮೇಲೆ ಎದ್ದು ತಿರುಗಿದವರು ಹಾಗೇ ನಿಂತುಬಿಟ್ಟರು.

ಆ ಶೆಡ್ಡಿಗೆ ಪಡುವಣ ಕಡೆ ಗೋಡೆಯೇ ಇರಲಿಲ್ಲ. ಅತ್ತೆ ಕಾಯಿ ಇಡಲು ಬಂದ ದಿನ ಜಡಿಮಳೆಗೆ ಆಚೆ ಏನೂ ಕಂಡಿರಲಿಲ್ಲವಂತೆ. ಎದುರಿಗೆ ನಾಲ್ಕು ತೆಂಗಿನ ಮರ, ಅದರಾಚೆ ಸಮುದ್ರ. ಬೂದು ಬಣ್ಣದ ಅಲೆ ಒಂದರ ಬೆನ್ನಿಗೆ ಇನ್ನೊಂದು ಏರಿ ಬರುತ್ತಿತ್ತು. ‘ಎಲ್ಲ ಕೋಣೆಗಳಿಂದಲೂ’ ಕಾಣದ ಸಮುದ್ರ ಹಂಡೆ ಒಲೆಯ ಹತ್ತಿರ ಧಾರಾಳವಾಗಿ ಕಾಣುತ್ತಿತ್ತು.

"ಲಕ್ಕವಳ್ಳಿ ಡ್ಯಾಮಿನಷ್ಟು ಇರ್ಬೋದು ಅಂದ್ಕಂಡಿದ್ದೆ," ಅಂದರು ಅತ್ತೆ. "ಇದಕ್ಕೆ ಆ ಕಡೆ ದಡಾನೇ ಇಲ್ವಲ್ಲೇ. ಇಷ್ಟು ನೀರಿಗೆ ಗೇಟು ಎಲ್ಲಿ ಮಡಗವ್ರೆ?"

ವಾರಿಜಕ್ಕ ನಕ್ಕರು. ಬಾಬಣ್ಣ ನಗಬಹುದೋ ಬೇಡವೋ ಅಂತ ನನ್ನ ಮುಖ ನೋಡಿದರು. ಆಮೇಲೆ ಅತ್ತೆಯೇ ನಕ್ಕರು. ಆಪರೇಷನ್ ಆದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾರನೇ ದಿನದಿಂದ ಅತ್ತೆ ಬೆಳಿಗ್ಗೆ ಎದ್ದ ಕೂಡಲೇ ಶೆಡ್ಡಿಗೆ ಹೊರಡುತ್ತಿದ್ದರು. ಕಾಯಿ ಅಲ್ಲಿದೆಯೋ ಇಲ್ಲವೋ ನೋಡಬೇಕಲ್ಲ! ಇಡೀ ಹೋಟೆಲಿನಲ್ಲಿ ಬೆಚ್ಚಗೆ, ಒಣಗಿ, ಸಮುದ್ರ ಕಾಣುವಂತಿದ್ದ ಜಾಗ ಅದೊಂದೇ. ಬಾಬಣ್ಣ ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. ಕಾಯಿ ಕಿವಿಗೆ ಹಿಡಿದು, "ಇಲ್ಲಮ್ಮ, ಇವತ್ತೂ ಮಾತಾಡ್ಲಿಲ್ಲ" ಅಂತ ವರದಿ ಒಪ್ಪಿಸುತ್ತಿದ್ದರು. ಅತ್ತೆ ಅದನ್ನು ನಂಬದೆ ತಾವೂ ಒಂದು ಸಲ ಅಲ್ಲಾಡಿಸುತ್ತಿದ್ದರು.

ನಾನು ಕಾದಿದ್ದೂ ಅಂಥ ಒಂದು ಸಂದರ್ಭಕ್ಕಾಗಿಯೇ. ಊರಿನಿಂದ ಕಟ್ಟಿಕೊಂಡು ಬಂದ ರಾಗಿಹಿಟ್ಟಿತ್ತು. ವಾರಿಜಕ್ಕನಿಗೆ ಅಂಬಲಿ ಮಾಡಿಕೊಡಲು ಕೇಳಿದೆ. "ರಾಗಿ ನಮ್ಮಲ್ಲೂ ಉಂಟಲ್ಲ, ಶಿಶುಗಳಿಗೆ ಮಣ್ಣಿ ಮಾಡಿ ಕೊಡುದು" ಅಂದು ಬೆಲ್ಲ, ತೆಂಗಿನ ಹಾಲು ಹಾಕಿ ಕಾಯಿಸಿ ತಂದರು. ಅತ್ತೆ ಒಂದು ಗುಟುಕು ಕುಡಿದು, "ನಾನೇನು ತೊಟ್ಟಿಲ ಕೂಸಾ?" ಅಂದರು. ಆಮೇಲೆ ಕುರ್ಚಿಯಿಂದಲೇ ಪಾಠ ಶುರುವಾಯಿತು. ಹಿಟ್ಟು ತಣ್ಣೀರಲ್ಲಿ ಕದಡು, ಗಂಟು ಬಿಡಬೇಡ, ಕುದಿಸು, ಆರಿಸು, ಮಜ್ಜಿಗೆ ಬೆರೆಸು. ಎರಡು ದಿನ ಗಂಟುಗಂಟು. ಮೂರನೇ ದಿನ ವಾರಿಜಕ್ಕ ತಂದ ಅಂಬಲಿ ನುಣ್ಣಗಿತ್ತು. ರುಚಿ ಗೊತ್ತಾಗದಿದ್ದರೂ ಬೆಂದ ಬಾಯಿಗೆ ತಂಪಾಗಿ ಇಳಿಯಿತು. ಒಂದು ಲೋಟ ಎರಡಾಯಿತು. ಆ ಸೋಮವಾರ ಅತ್ತೆಗೆ ಮುಖವಾಡ ಬಿಗಿದ ಮಿಷನ್ ಹುಡುಗಿ ನನ್ನ ಕಡೆ ನೋಡಿ ಹೆಬ್ಬೆರಳು ಎತ್ತಿದಳು.

ಇಲ್ಲಿಗೆ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಐದನೇ ವಾರ ಘೋರವಾಗಿತ್ತು. ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯಿತು. ಇಪ್ಪತ್ತೆರಡನೆಯದು ಮುಗಿಸಿ ಬಂದ ಮಧ್ಯಾಹ್ನ ಅತ್ತೆ ಶೆಡ್ಡಿನಲ್ಲಿ ಕೂತು ಲೋಟವನ್ನು ನೆಲಕ್ಕಿಟ್ಟರು. "ಆಗಾಕಿಲ್ಲ ಕಣೇ. ಬಾಯಲ್ಲಿ ಒಂದು ಹನಿ ಪಸೆ ಇಲ್ಲ. ಒಣಗಿದ ಮೇಲೆ ಇನ್ನೇನೈತೆ ಈ ದೇಹದಾಗೆ? ನಾಳೆ ಆಟೋ ಬ್ಯಾಡ ಅನ್ನು."

ಒಲೆಗೆ ಸೌದೆ ನೂಕುತ್ತಿದ್ದ ಬಾಬಣ್ಣ ತಿರುಗಿಯೂ ನೋಡದೆ ಹೇಳಿದರು: "ಎಂತ ಅಮ್ಮ ನೀವು? ನೀರು ಇಂಗಿದ್ದಕ್ಕೆಲ್ಲ ಸತ್ತದ್ದು ಅಂತ ಹೇಳ್ಬಾರ್ದು ಅಂತ ನನಗೆ ಅಷ್ಟು ಬೈದ್ರಲ್ಲ?"

ನನಗೆ ಏನಾಯಿತೋ, ತಡೆಯಲಾಗಲಿಲ್ಲ. ಅಲ್ಲಿಯವರೆಗೆ ಅವರು ಬದುಕಬೇಕು ಅಂತ ನಾನು ಬಯಸಿದ್ದರಲ್ಲಿ ಅರ್ಧ ಲೋಕದ ಬಾಯಿಗೆ ಹೆದರಿ. ಸೊಸೆ ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಕಡೂರಿಂದ ತರೀಕೆರೆವರೆಗೂ ಇರುವ ನೆಂಟರು ಆಡಿಕೊಳ್ಳುತ್ತಾರೆ ಅಂತ. ಆ ಮಧ್ಯಾಹ್ನ ಆ ಭಯ ಎಲ್ಲೂ ಇರಲಿಲ್ಲ. ಲೋಟ ಎತ್ತಿ ಅವರ ಕೈಗೆ ಕೊಡುತ್ತಾ ಅತ್ತುಬಿಟ್ಟೆ. "ನೀವು ಹೋಗ್ಬಿಟ್ರೆ ನನ್ನ ಸಾರಿಗೆ ಉಪ್ಪು ಕಡಿಮೆ ಅನ್ನೋರು ಯಾರತ್ತೆ? ನಿಮ್ಮ ಮಗನಿಗೆ ನೆಟ್ಟಗೆ ಉಪ್ಪು ಖಾರಾನೇ ಗೊತ್ತಾಗಲ್ಲ. ನಂಗೆ ನೀವು ಬೇಕು."

ಅತ್ತೆ ನನ್ನನ್ನೇ ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಹಾಗೆ ನೋಡಿರಲಿಲ್ಲ. "ಉಪ್ಪು ಕಡಿಮೆ ಇರ್ತಿದ್ದದ್ದು ನಿಜ ಕಣೇ," ಅಂದರು. ಆಮೇಲೆ ಲೋಟ ಬಾಯಿಗಿಟ್ಟು, ಕಣ್ಣು ಮುಚ್ಚಿ, ಗುಟುಕು ಗುಟುಕಾಗಿ ಖಾಲಿ ಮಾಡಿದರು. ಮಾರನೇ ದಿನ ಆಟೋ ಬಂತು. ಅದರ ಮಾರನೆಯ ದಿನವೂ ಬಂತು.

ಮೂವತ್ತನೆಯದು ಮುಗಿದ ದಿನ ಮಿಷನ್ ಹುಡುಗಿ ಮುಖವಾಡವನ್ನು ಅತ್ತೆಯ ಕೈಗೇ ಕೊಟ್ಟು, ಮನೆಗೆ ಒಯ್ಯಿರಿ ಅಜ್ಜಿ ಅಂದಳು. ಫಲ ಏನಾಯಿತು ಅಂತ ಈಗಲೇ ಹೇಳಲಾಗದು, ಮೂರು ತಿಂಗಳು ಬಿಟ್ಟು ಬನ್ನಿ, ಸ್ಕ್ಯಾನ್ ಮಾಡಿ ನೋಡೋಣ ಅಂದರು ಡಾಕ್ಟರು. ಅವರಿಗೆ ಕೊಡಲು ಅತ್ತೆಯ ಹತ್ತಿರ ಏನೂ ಇರಲಿಲ್ಲ. ಬರಿಗೈ ಜೋಡಿಸಿ ನಿಂತರು. ಅದು ಅವರಿಗೆ ಎಷ್ಟು ಕಷ್ಟವಾಯಿತು ಅಂತ ನನಗೆ ಗೊತ್ತು.

ಹೊರಡುವ ಮುಂಚೆ ಶೆಡ್ಡಿಗೆ ಹೋದೆವು. ಬಾಬಣ್ಣ ಕಾಯಿ ಇಳಿಸಿ ಕೊಟ್ಟರು. ಅತ್ತೆ ಕಿವಿಗೆ ಹಿಡಿದರು, ನಾನೂ ಹಿಡಿದೆ. ಸದ್ದಿಲ್ಲ. ಸಮುದ್ರದ ತೇವಕ್ಕೆ ತಡವಾಗುತ್ತಿದೆ ಅಂತ ನಾನು ಹೇಳಿದೆ. ಒಳಗೆ ಕೊಳೆತಿರಬಹುದು ಅನ್ನುವ ಅನುಮಾನ ನನ್ನಲ್ಲೇ ಉಳಿಯಿತು. ಅತ್ತೆ ಅದನ್ನು ಊರಿಗೆ ತೆಗೆದುಕೊಂಡು ಹೋಗಲಿಲ್ಲ. ಮತ್ತೆ ಹಲಗೆಯ ಮೇಲಿಡಿಸಿದರು. "ಮೂರು ತಿಂಗ್ಳಿಗೆ ಬತ್ತೀನಿ. ಇದು ಇಲ್ಲೇ ಇರ್ಬೇಕು," ಅಂದರು. "ಇರ್ತದೆ ಅಮ್ಮ. ನೀವು ಬನ್ನಿ," ಅಂದರು ಬಾಬಣ್ಣ.

ದೂರು ಪುಸ್ತಕದಲ್ಲಿ ಕೊನೆಯ ಸಲ ಬರೆದೆ. ‘ಹೊದಿಕೆ ಇನ್ನೂ ಒಣಗಿಲ್ಲ. ಫ್ಯಾನಿನ ಸದ್ದು ನಿಂತಿಲ್ಲ. ಟಾರ್ಪಾಲು ತೆಗೆದಿಲ್ಲ. ಆದರೂ ನಾವು ಇಲ್ಲಿಗೇ ಬರುತ್ತೇವೆ.’

ಕಾರ್ತಿಕದಲ್ಲಿ ಹೋದೆವು. ಬೆಳಿಗ್ಗೆ ಸ್ಕ್ಯಾನ್ ಆಯಿತು. ಡಾಕ್ಟರು ಪರದೆಯನ್ನು ತುಂಬ ಹೊತ್ತು ನೋಡಿ, ಅತ್ತೆಯ ಕೆನ್ನೆಯೊಳಗೆ ಬೆಳಕು ಬಿಟ್ಟು ನೋಡಿ, "ಈಗ ಏನೂ ಇಲ್ಲ. ಮತ್ತೆ ಮೂರು ತಿಂಗಳಿಗೆ ಬನ್ನಿ" ಅಂದರು. ಆ ‘ಈಗ’ ಅನ್ನುವ ಮಾತನ್ನು ನಾನು ಹಿಡಿದುಕೊಂಡೆ, ‘ಏನೂ ಇಲ್ಲ’ ಅನ್ನುವುದನ್ನು ಅತ್ತೆ ಹಿಡಿದುಕೊಂಡರು. ಅವರು ಹಿಡಿದದ್ದೇ ಸರಿ ಅಂತ ಈಗ ಅನ್ನಿಸುತ್ತದೆ.

ರುಚಿ ಮಾತ್ರ ಇನ್ನೂ ಪೂರ್ತಿ ಬಂದಿರಲಿಲ್ಲ. ಮುದ್ದೆ ನುಂಗುತ್ತಿದ್ದರು, ಸಾರು ಕುಡಿಯುತ್ತಿದ್ದರು, ಉಪ್ಪಿನ ಬಗ್ಗೆ ಮಾತೇ ಇಲ್ಲ. ಬಾಟಲಿ ನನ್ನ ಕೈಯಲ್ಲೇ ಇತ್ತು.

ಹೋಟೆಲಿಗೆ ಬಂದರೆ ಟಾರ್ಪಾಲು ತೆಗೆದು ಎಲ್ಲ ಕಿಟಕಿಗಳಲ್ಲೂ ಸಮುದ್ರ ತುಂಬಿತ್ತು. ಪ್ರವಾಸಿಗಳಿಂದ ಹೋಟೆಲು ಭರ್ತಿ, ನಮಗೆ ಕೋಣೆಯೇ ಇಲ್ಲ. ಅತ್ತೆ ಕೌಂಟರಿನ ಕಡೆ ತಿರುಗಿಯೂ ನೋಡದೆ ಹಿತ್ತಲಿಗೆ ನಡೆದರು. ಬಾಬಣ್ಣ ಗೇಟಿನಿಂದಲೇ ನೋಡಿ ಓಡುತ್ತಾ ಬಂದರು. ಹಲಗೆಯಿಂದ ಕಾಯಿ ಇಳಿಸಿದರು. ಹೊಗೆಗೆ ಅದು ಕಪ್ಪಾಗಿತ್ತು. ಅತ್ತೆಯ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

ಗುಡುಗುಡು.

"ನವರಾತ್ರಿ ಕಳೆದ ಮೇಲೆ ಶುರುವಾಯ್ತು ಅಮ್ಮ," ಅಂದರು ಬಾಬಣ್ಣ. "ದಿನಾ ಕೇಳ್ತೇನೆ."

ವಾರಿಜಕ್ಕ ಕತ್ತಿ ತಂದರು. ಬಾಬಣ್ಣ ಸುಲಿದು ಕೊಟ್ಟರು, ಒಡೆಯಲು ಅತ್ತೆ ಬಿಡಲಿಲ್ಲ. ಕತ್ತಿಯ ಬೆನ್ನಿನಿಂದ ಚಿಪ್ಪಿನ ಸುತ್ತ ಸಣ್ಣಗೆ ಬಡಿಯುತ್ತಾ ಹೋದರು. ಚಿಪ್ಪು ಎರಡಾಗಿ ಬಿಚ್ಚಿಕೊಂಡಿತು. ಒಳಗೆ ಕಂದು ಸಿಪ್ಪೆಯ ಇಡೀ ಉಂಡೆ, ಒಂದು ಕಡೆಯೂ ಮುಕ್ಕಾಗಿರಲಿಲ್ಲ. ಅದನ್ನು ಎರಡು ಹೋಳು ಮಾಡಿ, ಅರ್ಧವನ್ನು ಡಾಕ್ಟರಿಗೆ ಅಂತ ಕರವಸ್ತ್ರದಲ್ಲಿ ಕಟ್ಟಿದರು. ಇನ್ನರ್ಧದಲ್ಲಿ ಬಾಬಣ್ಣನಿಗೆ, ವಾರಿಜಕ್ಕನಿಗೆ, ನನಗೆ ಒಂದೊಂದು ಚೂರು. ಕೊನೆಗೆ ಉಗುರಿನಷ್ಟು ಚೂರೊಂದನ್ನು ತಮ್ಮ ಬಾಯಿಯ ಬಲಗಡೆಗೆ ಇಟ್ಟುಕೊಂಡು ನಿಧಾನಕ್ಕೆ ಅಗಿಯತೊಡಗಿದರು.

ನಾನು ಎಂದಿನಂತೆ ಬಾಟಲಿಯ ಮುಚ್ಚಳ ತೆಗೆದು ಹಿಡಿದೆ. ಒಣ ಕೊಬ್ಬರಿ, ನೀರಿಲ್ಲದೆ ಅವರಿಗೆ ಇಳಿಯುವುದಿಲ್ಲ ಅಂತ ನನಗೆ ಗೊತ್ತಿತ್ತು. ಅತ್ತೆ ಅಗಿಯುತ್ತಾ ಸಮುದ್ರದ ಕಡೆ ನೋಡುತ್ತಿದ್ದರು. ತುಟಿಯ ಮೂಲೆಯಲ್ಲಿ ಒಂದು ಹನಿ ಪಸೆ ಹೊಳೆಯಿತು, ಅವರು ಅದನ್ನು ಸೆರಗಿನ ತುದಿಯಿಂದ ಒರೆಸಿಕೊಂಡರು. ಆಮೇಲೆ ನುಂಗಿದರು.

"ಸಿಹಿಯಾಗೈತೆ ಕಣೇ," ಅಂದರು.

ನೀರಿನ ಬಾಟಲಿ ನನ್ನ ಕೈಯಲ್ಲೇ ಉಳಿಯಿತು. ಅವರು ಕೇಳಲಿಲ್ಲ.